ಬಿಟ್ಟುಹೋದದ್ದೆಲ್ಲ ತ್ಯಾಗವೇ? — ಊರು ಬದಲಿಸುವ ಗೃಹಸ್ಥನ ವ್ರತವಿಚಾರ

ಗೃಹಸ್ಥನ ವ್ರತಗಳನ್ನು ಕುರಿತು ಚಿಂತಿಸುವಾಗ ಪರ್ವದಿನ, ಉಪವಾಸ, ಪೂಜೆ, ದಾನ ಮೊದಲಾದ ಸಂದರ್ಭಗಳು ಸಹಜವಾಗಿ ನೆನಪಿಗೆ ಬರುತ್ತವೆ. ಆದರೆ ಅಣುವ್ರತ, ಗುಣವ್ರತ, ಶಿಕ್ಷಾವ್ರತಗಳೆಲ್ಲವೂ ಕೆಲವೇ ದಿನಗಳಲ್ಲಿ ಒಟ್ಟಿಗೆ ಪರೀಕ್ಷೆಗೆ ಗುರಿಯಾಗುವ ಇನ್ನೊಂದು ಸಂದರ್ಭವುಂಟು. ಅದು ಸಂಸಾರವು ಮನೆಯನ್ನು ತೆರವುಮಾಡಿ ದೂರದ ಊರಿಗೆ ಹೊರಡುವ ಸಂದರ್ಭ. ಹತ್ತಾರು ವರ್ಷ ಬೀರುವಿನೊಳಗೆ, ಅಟ್ಟದ ಮೇಲೆ, ಮಂಚದ ಕೆಳಗೆ ಅಡಗಿದ್ದ ಪರಿಗ್ರಹವೆಲ್ಲ ಅಂದು ಹೊರಬಂದು ನಡುಮನೆಯಲ್ಲಿ ರಾಶಿಬೀಳುತ್ತದೆ. ತನ್ನಲ್ಲಿ ಇಷ್ಟಿತ್ತೇ ಎಂದು ಗೃಹಸ್ಥನು ತಾನೇ ಬೆರಗಾಗುತ್ತಾನೆ.

ಬೆಂಗಳೂರಿನ ಹೊರವಲಯದಲ್ಲಿ ಈ ದೃಶ್ಯ ಅಪರೂಪದ್ದಲ್ಲ. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್, ೧೯೭೦ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ ಹಾಗೂ ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯು ರೂಪಿಸಿದ ಎಲೆಕ್ಟ್ರಾನಿಕ್ ಸಿಟಿ, ತುಮಕೂರು ರಸ್ತೆಯ ಬದಿಯಲ್ಲಿ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶ, ಈ ಮೂರೂ ಹೊರಗಿನಿಂದ ಬಂದವರು ಕಟ್ಟಿದ ನೆಲೆಗಳು. ಬಂದವರ ಊರು ಸಹಜವಾಗಿಯೇ ಹೊರಡುವವರ ಊರೂ ಆಗಿರುತ್ತದೆ. ಶಾಲೆಗಳ ವರ್ಷಾಂತ್ಯದಲ್ಲಿ, ಏಪ್ರಿಲ್-ಮೇ ತಿಂಗಳುಗಳಲ್ಲಿ, ಅಲ್ಲಿಯ ಬೀದಿಗಳಲ್ಲಿ ಸಾಮಾನು ಏರಿಸಿಕೊಳ್ಳುವ ಲಾರಿಗಳನ್ನು ಕಾಣಬಹುದು. ಒಬ್ಬರಿಗೆ ವರ್ಗಾವಣೆ, ಒಬ್ಬರಿಗೆ ಹೊಸ ನೌಕರಿ, ಇನ್ನೊಬ್ಬರಿಗೆ ಕಾರ್ಖಾನೆಯ ಬಾಗಿಲು ಮುಚ್ಚಿದ ಸಂಕಟ.

೨೦೨೦ನೆಯ ವರ್ಷದಲ್ಲಿ ಈ ಹೊರಡುವಿಕೆಯು ಪ್ರವಾಹದ ರೂಪವನ್ನೇ ತಾಳಿತು. ಮಾರ್ಚ್ ತಿಂಗಳ ದಿಗ್ಬಂಧನದ ಅನಂತರ, ಮೇ ತಿಂಗಳಲ್ಲಿ ಚಿಕ್ಕಬಾಣಾವರ, ಮಾಲೂರು ಮೊದಲಾದ ನಿಲ್ದಾಣಗಳಿಂದ ಶ್ರಮಿಕ ರೈಲುಗಳು ಒಡಿಶಾ, ಬಿಹಾರ ಮುಂತಾದ ರಾಜ್ಯಗಳ ಕಡೆಗೆ ಹೊರಟವು. ಆ ಕೂಲಿಕಾರರ ಸಂಸಾರವೆಲ್ಲ ಒಂದು ಚೀಲದೊಳಗೆ ಅಡಗಿತ್ತು. ಜುಲೈ ೧೪ರ ರಾತ್ರಿಯಿಂದ ೨೨ರ ಬೆಳಗಿನವರೆಗೆ ಬೆಂಗಳೂರಿಗೆ ಮತ್ತೊಮ್ಮೆ ದಿಗ್ಬಂಧನವೆಂದು ಸಾರಿದಾಗ, ತುಮಕೂರು ರಸ್ತೆಯಲ್ಲಿ ಸಾಮಾನು ಹೇರಿದ ವಾಹನಗಳು ಸಾಲುಗಟ್ಟಿದವು. ಅದು ಆಷಾಢಮಾಸ. ಆಷಾಢದಲ್ಲಿ ಮನೆ ಬದಲಿಸಬಾರದೆಂದು ನಂಬುವ ನಾಡಿನ ಜನ ಅಂದು ಆಷಾಢವನ್ನು ಲೆಕ್ಕಿಸಲಿಲ್ಲ. ಮುನಿಗಳು ಜೀವರಕ್ಷಣೆಗಾಗಿ ಸಂಚಾರವನ್ನು ನಿಲ್ಲಿಸಿ ಚಾತುರ್ಮಾಸದಲ್ಲಿ ನೆಲೆನಿಂತಿದ್ದ ಅದೇ ದಿನಗಳಲ್ಲಿ ಗೃಹಸ್ಥರು ಜೀವರಕ್ಷಣೆಗಾಗಿಯೇ ದಾರಿ ಹಿಡಿದರು. ಅವರ ಹಿಂದೆ ಸಾವಿರಾರು ಬಾಡಿಗೆ ಮನೆಗಳಲ್ಲಿ ಮಂಚ, ಹಾಸಿಗೆ, ಪಾತ್ರೆ, ಪುಸ್ತಕಗಳು ಉಳಿದವು.

ಹೀಗೆ ಬಿಟ್ಟುಬಂದವರು ಅನೇಕರು, 'ಎಲ್ಲವನ್ನೂ ಬಿಟ್ಟುಬಂದೆವು, ಮನಸ್ಸು ಹಗುರವಾಯಿತು' ಎಂದು ಹೇಳುವುದುಂಟು. ಇಲ್ಲಿ ವಿಚಾರಮಾಡತಕ್ಕ ಪ್ರಶ್ನೆ ಇದು: ಬಿಟ್ಟುಹೋದದ್ದೆಲ್ಲ ತ್ಯಾಗವೆನಿಸುತ್ತದೆಯೇ?

ಅಳತೆ ಮೊದಲು, ಲಾರಿ ಅನಂತರ

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ ಮೂರ್ಛೆಯಲ್ಲಿ, ಅಂದರೆ 'ಇದು ನನ್ನದು' ಎಂಬ ಮಮತ್ವದಲ್ಲಿ ಹೇಳಿದೆ. ಈ ಲಕ್ಷಣದಿಂದ ನೋಡಿದರೆ ವಸ್ತುವು ಕೈಬಿಟ್ಟಿತೆಂಬ ಮಾತ್ರಕ್ಕೆ ಪರಿಗ್ರಹವು ಕಡಮೆಯಾಗುವುದಿಲ್ಲ. ಸಾಗಣೆಯ ಖರ್ಚು ವಸ್ತುವಿನ ಬೆಲೆಯನ್ನು ಮೀರಿತೆಂದು ಒಬ್ಬನು ಹಳೆಯ ಮೇಜನ್ನು ಬಿಟ್ಟು, ಹೊಸ ಊರನ್ನು ಸೇರಿದ ವಾರದಲ್ಲೇ ಹೊಸ ಮೇಜನ್ನು ಕೊಂಡರೆ ಅವನು ಬಿಟ್ಟದ್ದೇನು? ಅವನು ಲೆಕ್ಕ ಹಾಕಿದನು, ಅಷ್ಟೇ. ಲೆಕ್ಕ ಹಾಕುವುದು ತಪ್ಪಲ್ಲ. ಅದನ್ನು ತ್ಯಾಗವೆಂದು ಕರೆದುಕೊಳ್ಳುವುದು ತಪ್ಪು. ಇದಕ್ಕೆ ವಿರುದ್ಧವಾಗಿ, ಮುರಿದ ಕುರ್ಚಿಯನ್ನೂ ಬಿಡಲಾರದೆ ಸಾವಿರಾರು ರೂಪಾಯಿ ತೆತ್ತು ಎರಡು ಸಾವಿರ ಕಿಲೋಮೀಟರು ಹೊರಿಸಿಕೊಂಡು ಹೋಗುವವನ ಮೂರ್ಛೆಯಾದರೋ ಎಲ್ಲರಿಗೂ ಕಾಣಿಸುತ್ತದೆ. ಮೊದಲನೆಯವನದು ಕಾಣಿಸುವುದಿಲ್ಲ. ಇಬ್ಬರೂ ಅಳತೆಯಿಲ್ಲದವರೇ.

ಪರಿಗ್ರಹಪರಿಮಾಣವ್ರತವು ಬೇಡುವುದು ಈ ಅಳತೆಯನ್ನು. ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸೀ, ದಾಸ, ಕುಪ್ಯ, ಭಾಂಡ ಎಂಬ ಹತ್ತು ಬಗೆಯ ಬಾಹ್ಯಪರಿಗ್ರಹಕ್ಕೆ ಶ್ರಾವಕನು ಮೊದಲೇ ಮಿತಿಯನ್ನು ಗೊತ್ತುಮಾಡಿಕೊಳ್ಳಬೇಕು. ಇಲ್ಲಿ 'ಮೊದಲೇ' ಎಂಬ ಶಬ್ದ ಮುಖ್ಯವಾದುದು. ಮನೆ ಬದಲಿಸುವವನು ಹೊರಡುವುದಕ್ಕೆ ಎರಡು ತಿಂಗಳ ಮುಂಚೆ ಮನೆಮಂದಿಯೊಡನೆ ಕುಳಿತು ಪಟ್ಟಿ ಮಾಡುವುದು ಯೋಗ್ಯ. ಅಡುಗೆಗೆ ಎಷ್ಟು ಪಾತ್ರೆ, ಒಬ್ಬೊಬ್ಬರಿಗೆ ಎಷ್ಟು ಬಟ್ಟೆ, ಎಷ್ಟು ಹಾಸಿಗೆ, ಯಾವ ಪುಸ್ತಕ ಎಂಬುದು ಶಾಂತಚಿತ್ತದಿಂದ ನಿಶ್ಚಯವಾಗಬೇಕು. ಪಟ್ಟಿಯಿಂದ ಲಾರಿಯ ಗಾತ್ರ ಗೊತ್ತಾಗಬೇಕೇ ಹೊರತು ಲಾರಿಯ ಗಾತ್ರದಿಂದ ಪಟ್ಟಿಯಲ್ಲ. ಲಾರಿಯಲ್ಲಿ ಇನ್ನೂ ಸ್ಥಳವಿದೆಯೆಂದು ಬೇಡದ್ದನ್ನು ಹೇರುವವನು ತನ್ನ ವ್ರತವನ್ನು ಚಾಲಕನ ಕೈಗೆ ಒಪ್ಪಿಸಿದಂತಾಯಿತು.

ಎತ್ತುವುದು, ಇಡುವುದು, ಬಿಡುವುದು

ಮುನಿಗಳ ಐದು ಸಮಿತಿಗಳಲ್ಲಿ ಆದಾನನಿಕ್ಷೇಪ ಸಮಿತಿ ಒಂದು. ಪಿಂಛಿ, ಕಮಂಡಲು, ಶಾಸ್ತ್ರಗಳನ್ನು ಬಿಟ್ಟರೆ ಬೇರೇನೂ ಇಲ್ಲದ ಮುನಿಯು ಆ ಮೂರನ್ನೇ ಎತ್ತುವಾಗಲೂ ಇಡುವಾಗಲೂ ನೋಡಿ, ಒರಸಿ, ಜೀವಬಾಧೆಯಾಗದಂತೆ ನಡೆದುಕೊಳ್ಳುತ್ತಾನೆ. ಬಿಡತಕ್ಕದ್ದನ್ನು ಬಿಡುವುದಕ್ಕೂ ಉತ್ಸರ್ಗವೆಂಬ ಬೇರೊಂದು ಸಮಿತಿಯುಂಟು. ಮನೆ ಬದಲಿಸುವುದೆಂದರೆ ಎತ್ತುವುದು, ಇಡುವುದು, ಬಿಡುವುದು, ಇನ್ನೇನೂ ಅಲ್ಲ. 'ಗೃಹಸ್ಥನು ಮುನಿಯಲ್ಲವಲ್ಲ' ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಆದರೆ ಗೃಹಸ್ಥನ ಪ್ರೋಷಧೋಪವಾಸಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ನೋಡದೆ ಒರಸದೆ ಬಿಡುವುದು ಮತ್ತು ನೋಡದೆ ಒರಸದೆ ಎತ್ತುವುದು ಎಂಬ ಎರಡು ಸೇರಿವೆ. ಪರ್ವದಿನದಲ್ಲಿ ಕಲಿಸಿದ ಪಾಠವು ಉಳಿದ ದಿನಗಳಲ್ಲಿ ಆಚರಣೆಗೆ ಬರಲೆಂದೇ ಅವಕ್ಕೆ ಶಿಕ್ಷಾವ್ರತಗಳೆಂದು ಹೆಸರು.

ಇದನ್ನು ಅಡುಗೆಮನೆಯಿಂದಲೇ ಆರಂಭಿಸಬಹುದು. ಹೊರಡುವ ದಿನ ಹತ್ತಿರವಾದಂತೆ ಧಾನ್ಯವನ್ನು ಹೊಸದಾಗಿ ತುಂಬಿಸದೆ ಇದ್ದದ್ದನ್ನು ಮುಗಿಸುತ್ತ ಬರಬೇಕು. ಹಿಟ್ಟಿಗೆ ಮಳೆಗಾಲದಲ್ಲಿ ೩, ಬೇಸಿಗೆಯಲ್ಲಿ ೫, ಚಳಿಗಾಲದಲ್ಲಿ ೭ ದಿನಗಳ ಮರ್ಯಾದೆಯನ್ನು ಪಾಲಿಸುವ ಮನೆಯಲ್ಲಿ ಈ ಅಭ್ಯಾಸ ಕಷ್ಟವಲ್ಲ. ಡಬ್ಬದ ತಳದ ಹಳೆಯ ಬೇಳೆಯಲ್ಲಿ ಹುಳು ಬಿದ್ದಿದ್ದರೆ ಅದನ್ನು ಕಾದ ಡಾಂಬರಿನ ಮೇಲೆ ಸುರಿಯುವುದು ಹಿಂಸೆ. ನೆರಳಿನ ಮಣ್ಣಿನಲ್ಲಿ ಬಿಡುವುದು ಯತ್ನಾಚಾರ. ಹೂಕುಂಡಗಳನ್ನು ಬಾಲ್ಕನಿಯಲ್ಲಿ ಬಿಟ್ಟು ಬೀಗ ಹಾಕಿದರೆ ಗಿಡ ಒಣಗುತ್ತದೆ. ಕೆಳಗಿನ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. ಮುಂದೆ ಬರುವವನು ಔಷಧಿ ಹೊಡೆದು ಅವನ್ನು ಕೊಲ್ಲುತ್ತಾನೆ. ಕೊಂದವನು ಒಬ್ಬನು, ಕಾರಣನಾದವನು ಇನ್ನೊಬ್ಬನು. ಗಿಡವನ್ನು ನೆರೆಯವರ ಕೈಗೆ ಒಪ್ಪಿಸಿ, ತಟ್ಟೆಯನ್ನು ಕವುಚಿ ಇಡುವುದಕ್ಕೆ ಎಷ್ಟು ಹೊತ್ತು ಬೇಕು?

ಬಿಟ್ಟ ವಸ್ತುವು ಎಲ್ಲಿಗೆ ಹೋಗುತ್ತದೆಂಬುದನ್ನೂ ತಿಳಿಯಬೇಕು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಊರುಗಳಲ್ಲಿ ನಗರದ ಪೂರ್ವದಿಕ್ಕಿನ ಮಂಡೂರು ಒಂದು. ದುರ್ಗಂಧವನ್ನೂ ರೋಗವನ್ನೂ ಸಹಿಸಲಾರದೆ ೨೦೧೪ರಲ್ಲಿ ಅಲ್ಲಿಯ ಜನ ರಸ್ತೆಗಿಳಿದು ಪ್ರತಿಭಟಿಸಿದರು. ಒಬ್ಬನ ಮನೆಯಿಂದ ಹೊರಬಿದ್ದ ಹಾಸಿಗೆ ಮಾಯವಾಗುವುದಿಲ್ಲ. ಇನ್ನೊಬ್ಬನ ಊರಿನ ಬಾಗಿಲಿಗೆ ಹೋಗಿ ಬೀಳುತ್ತದೆ. ತನ್ನ ಕಣ್ಣಿಗೆ ಕಾಣದಾದುದನ್ನು ತ್ಯಾಗವೆಂದು ತಿಳಿಯುವುದು ಅವಿವೇಕ.

ದಾನವೆಂಬ ಹೆಸರಿನಲ್ಲಿಯೂ ಇದೇ ದೋಷ ನುಸುಳುವುದುಂಟು. ಕೊನೆಯ ದಿನ ಮಧ್ಯಾಹ್ನ, ಲಾರಿಯಲ್ಲಿ ಹಿಡಿಯದ ದೊಡ್ಡ ಸೋಫಾವನ್ನು ಮನೆಗೆಲಸದ ಹೆಂಗಸಿಗೆ 'ತೆಗೆದುಕೊಂಡು ಹೋಗು' ಎಂದು ಹೇಳುವುದು ಸಾಮಾನ್ಯ. ಅವಳು ಇರುವುದು ಒಂದೇ ಕೋಣೆಯ ಮನೆಯಲ್ಲಿ. ಸೋಫಾ ಇಟ್ಟರೆ ಮಕ್ಕಳು ಮಲಗುವುದೆಲ್ಲಿ? ಬೇಡವೆನ್ನಲು ಸಂಕೋಚ, ಸಾಗಿಸಲು ಬಾಡಿಗೆ ಅವಳದೇ. ಇಂಥ ಕಡೆ ಭಾರವು ಸಿರಿವಂತನ ಹೆಗಲಿನಿಂದ ಬಡವಳ ಹೆಗಲಿಗೆ ದಾಟಿತೇ ವಿನಾ ದಾನವೇನೂ ನಡೆಯಲಿಲ್ಲ. ದಾನಕ್ಕೆ ಪಾತ್ರ, ಕಾಲ, ದ್ರವ್ಯಗಳ ವಿವೇಕ ಬೇಕು. ಒಂದು ತಿಂಗಳ ಮುಂಚೆ, ಸುಸ್ಥಿತಿಯಲ್ಲಿರುವ ವಸ್ತುವನ್ನು, ಬೇಕೆನ್ನುವವರನ್ನು ಕೇಳಿ ಅವರ ಮನೆಗೆ ಮುಟ್ಟಿಸುವುದು ದಾನ. ಕೊಡುವ ಮೊದಲು ತನ್ನನ್ನು ತಾನೇ ಕೇಳಿಕೊಳ್ಳತಕ್ಕ ಪ್ರಶ್ನೆ ಒಂದೇ: ಇದನ್ನು ನನಗೆ ಯಾರಾದರೂ ಕೊಟ್ಟಿದ್ದರೆ ಸಂತೋಷದಿಂದ ಸ್ವೀಕರಿಸುತ್ತಿದ್ದೆನೇ?

ಹೊರುವವರು

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣಕ್ಕೆ ಹೇಳಿರುವ ಅತಿಚಾರಗಳು ಐದು: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಾಹನ. ವಸ್ತುಗಳ ಮಿತಿಯನ್ನು ಕುರಿತ ವ್ರತದಲ್ಲಿ ಮೊದಲನೆಯದೂ ಕೊನೆಯದೂ ವಸ್ತುವನ್ನು ಹೊರುವ ಜೀವಿಯನ್ನು ಕುರಿತವು. ಶಕ್ತಿ ಮೀರಿದಷ್ಟು ದೂರ ನಡೆಸುವುದು ಅತಿವಾಹನ. ಶಕ್ತಿ ಮೀರಿದಷ್ಟು ಹೊರಿಸುವುದು ಅತಿಭಾರವಾಹನ. ಅಹಿಂಸಾಣುವ್ರತದ ಅತಿಚಾರಗಳಲ್ಲಿಯೂ ಅತಿಭಾರಾರೋಪಣವುಂಟು. ಪರಿಗ್ರಹದ ಭಾರವನ್ನು ಅದರ ಒಡೆಯನು ಹೊರುವುದಿಲ್ಲ, ಬೇರೊಂದು ಜೀವವು ಹೊರುತ್ತದೆ ಎಂಬುದನ್ನು ಆಚಾರ್ಯರು ಕಂಡಿದ್ದರು.

ಆ ಕಾಲದಲ್ಲಿ ಹೊತ್ತದ್ದು ಎತ್ತು, ಕೋಣ. ಇಂದು ಹೊರುವವನು ಮನುಷ್ಯ. ನೂರು ಕಿಲೋಗ್ರಾಂ ತೂಗಬಲ್ಲ ಉಕ್ಕಿನ ಬೀರುವನ್ನು ನಾಲ್ಕನೆಯ ಮಹಡಿಯಿಂದ ಮೆಟ್ಟಿಲಿನ ಮೂಲಕ ಇಳಿಸುವವನಿಗೆ, ಕೆಲವು ವಸತಿ ಸಮುಚ್ಚಯಗಳಲ್ಲಿ ನಿವಾಸಿಗಳ ಲಿಫ್ಟನ್ನು ಬಳಸಲು ಅನುಮತಿಯಿರುವುದಿಲ್ಲ. ಶ್ರಾವಕನು ಆ ಅನುಮತಿಯನ್ನು ಮುಂಚಿತವಾಗಿ ಕೇಳಿ ಪಡೆಯಬೇಕು. ಪುಸ್ತಕಗಳನ್ನು ಒಂದೇ ದೊಡ್ಡ ಪೆಟ್ಟಿಗೆಗೆ ತುಂಬದೆ ಸಣ್ಣ ಪೆಟ್ಟಿಗೆಗಳಿಗೆ ಹಂಚಬೇಕು. ಕೆಲಸಗಾರರಿಗೆ ಸೋಸಿದ ನೀರು, ಹೊತ್ತಿಗೆ ಊಟ, ನಡುವೆ ವಿಶ್ರಾಂತಿ ಒದಗಬೇಕು. ಅನ್ನಪಾನಗಳನ್ನು ತಡೆಯುವುದೂ ಅಹಿಂಸಾಣುವ್ರತದ ಅತಿಚಾರವೇ. ಲಾರಿಯ ಚಾಲಕನನ್ನು 'ನಾಳೆಯೇ ಮುಟ್ಟಿಸು' ಎಂದು ಅವಸರಪಡಿಸಿ ನಿದ್ರೆಗೆಡಿಸುವುದು ಅತಿವಾಹನಕ್ಕೆ ಇಂದಿನ ಉದಾಹರಣೆ. ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆಗಳ ದುಡಿಮೆಯ ಮಿತಿಯನ್ನು ಗೊತ್ತುಮಾಡಿತ್ತು. ಮಿತಿ ಮೀರಿ ಭಾರ ಹೇರಿದ ವಾಹನಕ್ಕೆ ೨೦೧೯ರ ತಿದ್ದುಪಡಿಯ ಅನಂತರ ಕೇಂದ್ರ ಮೋಟಾರು ವಾಹನ ಕಾಯಿದೆಯು ೨೦,೦೦೦ ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ ೨,೦೦೦ ರೂಪಾಯಿ ದಂಡವನ್ನು ವಿಧಿಸಿದೆ. ಕಾಯಿದೆಯು ದಂಡದ ಭಯದಿಂದ ಸಾಧಿಸಲೆಳಸುವುದನ್ನು ವ್ರತವು ದಯೆಯಿಂದ ಸಾಧಿಸಬೇಕು.

ಲೆಕ್ಕ ಮತ್ತು ಕಾಗದ

ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರ, ಕೂಟಲೇಖಕ್ರಿಯೆ ಎಂಬ ಎರಡು ಮನೆ ಬದಲಿಸುವ ಸಮಯಕ್ಕೆ ವಿಶೇಷವಾಗಿ ಅನ್ವಯಿಸುತ್ತವೆ. ಇಟ್ಟ ಠೇವಣಿಯನ್ನು ಅಪಹರಿಸುವುದು ನ್ಯಾಸಾಪಹಾರ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿ ಬಹುಕಾಲ ಇದ್ದಿತು. ೨೦೨೧ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆ. ಮನೆಯೊಡೆಯನು ಶ್ರಾವಕನಾಗಿದ್ದರೆ ಆ ಹಣ ತನ್ನದಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಬಣ್ಣದ ನೆಪ, ಗೋಡೆಯ ಮೊಳೆಯ ನೆಪ ಹೂಡಿ ನ್ಯಾಯಕ್ಕಿಂತ ಹೆಚ್ಚು ಹಿಡಿಯಬಾರದು. ಬಾಡಿಗೆದಾರನು ಶ್ರಾವಕನಾಗಿದ್ದರೆ ತಾನು ಮಾಡಿದ ಹಾನಿಯನ್ನು ಮರೆಮಾಚದೆ ತೋರಿಸಬೇಕು. ನೆರೆಯವರಿಂದ ತಂದ ಏಣಿ, ಗ್ರಂಥಾಲಯದ ಪುಸ್ತಕ, ಹಾಲಿನವನ ಬಾಕಿ, ಮನೆಗೆಲಸದವಳ ಕೊನೆಯ ತಿಂಗಳ ಸಂಬಳ, ಇವೆಲ್ಲ ಲಾರಿ ಬರುವ ಮುಂಚೆ ತೀರಿರಬೇಕು. ದಾಸೀದಾಸರನ್ನು ಪರಿಗ್ರಹದ ಲೆಕ್ಕದಲ್ಲಿ ಎಣಿಸುತ್ತಿದ್ದ ಕಾಲ ಕಳೆದಿದೆ. ಅವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವ ಹೊಣೆ ಕಳೆದಿಲ್ಲ.

ಕೂಟಲೇಖವೆಂದರೆ ಸುಳ್ಳು ಬರಹ. ನೌಕರನ ಸಾಗಣೆಯ ವೆಚ್ಚವನ್ನು ಸಂಸ್ಥೆಯು ಭರಿಸುವಾಗ, ಆಗದ ಖರ್ಚಿಗೆ ರಸೀದಿ ಬರೆಸುವುದು ಇದರಲ್ಲಿ ಸೇರುತ್ತದೆ. 'ಎಲ್ಲರೂ ಮಾಡುತ್ತಾರೆ' ಎಂಬುದು ಉತ್ತರವಲ್ಲ. ಅಡುಗೆ ಅನಿಲದ ಸಿಲಿಂಡರನ್ನು ಸಾಮಾನಿನ ನಡುವೆ ಅಡಗಿಸಿ ಕಳುಹಿಸುವುದು ಅಸತ್ಯವೂ ಹೌದು, ಪರಜೀವಕ್ಕೆ ಅಪಾಯವೂ ಹೌದು. ಅದನ್ನು ವಿತರಕನಿಗೆ ಹಿಂದಿರುಗಿಸಿ, ಪತ್ರ ಪಡೆದು, ಹೊಸ ಊರಿನಲ್ಲಿ ಹೊಸದಾಗಿ ಪಡೆಯುವ ಕ್ರಮವಿದೆ.

ಹೊರಡುವ ದಿನವನ್ನು ಗೊತ್ತುಮಾಡುವಾಗಲೂ ವ್ರತಿಗಳು ಎಚ್ಚರ ವಹಿಸಬೇಕು. ಅಷ್ಟಮಿ, ಚತುರ್ದಶಿಗಳಂದು ಪ್ರೋಷಧೋಪವಾಸ ಮಾಡುವವರಿರುವ ಮನೆಯಲ್ಲಿ ಆ ದಿನಗಳನ್ನು ಆರಿಸಬಾರದು. ಆರಂಭವನ್ನು ಬಿಡಬೇಕಾದ ದಿನವೇ ಮಹಾರಂಭದ ದಿನವಾಗುತ್ತದೆ. ಸಾಮಾನು ತುಂಬುವ ಗಡಿಬಿಡಿಯಲ್ಲಿ ಸಂಜೆಯ ಊಟ ತಪ್ಪಿ, ರಾತ್ರಿ ದಾರಿಬದಿಯ ಹೋಟೆಲಿನಲ್ಲಿ ಉಂಡು ಹಲವು ವರ್ಷಗಳ ನಿಯಮವನ್ನು ಕೆಡಿಸಿಕೊಂಡವರುಂಟು. ಆ ದಿನದ ಬುತ್ತಿಯನ್ನು ಮೊದಲೇ ಕಟ್ಟಿ, ನೀರು ಸೋಸುವ ಬಟ್ಟೆಯನ್ನು ಪೆಟ್ಟಿಗೆಯ ತಳದಲ್ಲಿ ಹಾಕದೆ ಕೈಚೀಲದಲ್ಲಿ ಇಟ್ಟುಕೊಂಡರೆ ಸಾಕು. ಮರೆವನ್ನೂ ಆಚಾರ್ಯರು ಅತಿಚಾರಗಳಲ್ಲಿ ಎಣಿಸಿದ್ದಾರೆ.

ಹೊರಡದವರು

ಇಷ್ಟೆಲ್ಲವೂ ವಸ್ತುಗಳ ಮಾತು. ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಮನುಷ್ಯರದು. ಎಲೆಕ್ಟ್ರಾನಿಕ್ ಸಿಟಿಯ ಒಬ್ಬ ಎಂಜಿನಿಯರಿಗೆ ದೆಹಲಿಯ ಬಳಿ ಹೆಚ್ಚಿನ ಸಂಬಳದ ಹುದ್ದೆ ದೊರೆಯಿತೆಂದು ಭಾವಿಸಬಹುದು. ಅವನ ವೃದ್ಧಮಾತೆಯು ದಿಗ್ವ್ರತವನ್ನು ಹಿಡಿದವಳು. ಉತ್ತರದಲ್ಲಿ ತುಂಗಭದ್ರೆಯನ್ನು ದಾಟುವುದಿಲ್ಲವೆಂದು ಜೀವಾವಧಿ ನಿಯಮ ಮಾಡಿದವಳು. ಸಮುದ್ರ, ನದಿ, ಅಡವಿ, ಪರ್ವತ ಮೊದಲಾದ ಪ್ರಸಿದ್ಧ ಗುರುತುಗಳಿಂದ ಎಲ್ಲೆಯನ್ನು ಕಟ್ಟಿಕೊಳ್ಳುವುದು ಈ ವ್ರತದ ಕ್ರಮ. ಮಗನು ಈಗೇನು ಮಾಡಬೇಕು?

'ವಯಸ್ಸಾದವರ ಹಟ, ಪ್ರಾಯಶ್ಚಿತ್ತ ಮಾಡಿದರಾಯಿತು' ಎಂದು ತಾಯಿಯನ್ನೂ ಸಾಮಾನಿನಂತೆ ಪಟ್ಟಿಗೆ ಸೇರಿಸುವವರುಂಟು. ಲೋಭದಿಂದ ಎಲ್ಲೆಯನ್ನು ಹಿಗ್ಗಿಸುವುದಕ್ಕೆ ಕ್ಷೇತ್ರವೃದ್ಧಿಯೆಂದು ಹೆಸರು. ಅದು ದಿಗ್ವ್ರತದ ಅತಿಚಾರ. ಇಲ್ಲಿ ಲೋಭವು ಮಗನದು, ಭಂಗವು ತಾಯಿಯದು. ಒಬ್ಬರ ಸಂಬಳಕ್ಕಾಗಿ ಇನ್ನೊಬ್ಬರ ವ್ರತವನ್ನು ತೆರುವುದು ನ್ಯಾಯವಲ್ಲ. 'ಅವರಿಗೆ ಇಲ್ಲಿಯೇ ಇಷ್ಟ' ಎಂದು ಹೇಳಿ, ತಿಂಗಳಿಗಿಷ್ಟು ಹಣ ಕಳುಹಿಸಿ ನಿಶ್ಚಿಂತರಾಗುವವರೂ ಉಂಟು. ಇವರು ತಾಯಿಯ ವ್ರತವನ್ನು ಗೌರವಿಸಿದಂತೆ ತೋರಿದರೂ ಹಳೆಯ ಮೇಜನ್ನು ಬಿಟ್ಟಂತೆಯೇ ಅವಳನ್ನು ಬಿಟ್ಟಿದ್ದಾರೆ.

ಈ ಪ್ರಶ್ನೆಗೆ ಬೆಳಕು ತೋರುವ ಒಂದು ನಿದರ್ಶನ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿದೆ. ಹನ್ನೆರಡು ವರ್ಷಗಳ ಕ್ಷಾಮ ಬರುವುದೆಂದು ಭದ್ರಬಾಹುಸ್ವಾಮಿಗಳು ಮುಂದಾಗಿಯೇ ಅರಿತು ಹೇಳಿದುದನ್ನೂ, ಸಂಘವು ಉತ್ತರಾಪಥವನ್ನು ಬಿಟ್ಟು ದಕ್ಷಿಣಾಪಥಕ್ಕೆ ಹೊರಟುದನ್ನೂ ಅಲ್ಲಿಯ ಕ್ರಿ.ಶ. ಸುಮಾರು ೬೦೦ರ ಶಾಸನವು ಹೇಳುತ್ತದೆ. ಈ ನಾಡಿನ ಜೈನರ ಸ್ಮೃತಿಯಲ್ಲಿ ಅದಕ್ಕಿಂತ ದೊಡ್ಡ ವಲಸೆಯಿಲ್ಲ. ಪರಂಪರೆಯ ಪ್ರಕಾರ, ಕಟವಪ್ರಗಿರಿಗೆ ಬಂದಾಗ ತಮ್ಮ ಆಯುಷ್ಯ ಅಲ್ಪವೆಂದರಿತ ಸ್ವಾಮಿಗಳು ಅಲ್ಲಿಯೇ ನಿಂತು ಸಂಘವನ್ನು ಮುಂದೆ ಕಳುಹಿಸಿದರು. ಸಂಘವು ಅವರನ್ನು ಬಲವಂತದಿಂದ ಕರೆದೊಯ್ಯಲಿಲ್ಲ, ಒಂಟಿಯಾಗಿಯೂ ಬಿಡಲಿಲ್ಲ. ಒಬ್ಬ ಶಿಷ್ಯನು ಕೊನೆಯವರೆಗೂ ಸೇವೆಗೆ ನಿಂತನು. ಅವನು ಚಂದ್ರಗುಪ್ತಮುನಿಯೆಂದೂ ಪೂರ್ವಾಶ್ರಮದಲ್ಲಿ ಸಾಮ್ರಾಟನಾಗಿದ್ದವನೆಂದೂ ಪರಂಪರೆಯು ನೆನೆಯುತ್ತದೆ. ಸಂಘ ಹೋದದ್ದೂ ಧರ್ಮ, ಗುರುಗಳು ನಿಂತದ್ದೂ ಧರ್ಮ. ಏಕೆಂದರೆ ಹೋಗುವವರಿಗೂ ನಿಲ್ಲುವವರಿಗೂ ನಡುವೆ ವೈಯಾವೃತ್ಯಕ್ಕೆ ಒಬ್ಬರು ಇದ್ದರು.

ಆದುದರಿಂದ ತಾಯಿಯು ನಿಲ್ಲುವಳೆಂದಾದರೆ ಕೇಳತಕ್ಕ ಪ್ರಶ್ನೆ 'ಎಷ್ಟು ಹಣ ಕಳುಹಿಸುವುದು' ಎಂದಲ್ಲ, 'ಅವಳ ಬಳಿ ಯಾರು ನಿಲ್ಲುವರು' ಎಂದು. ತಮ್ಮನೋ, ಮಗಳೋ, ಬಂಧುವೋ, ಸಾಧರ್ಮಿಯೋ ಮನಃಪೂರ್ವಕವಾಗಿ ಒಪ್ಪಿದರೆ ಮಗನು ಹೊರಡಬಹುದು. ಯಾರೂ ಇಲ್ಲದಿದ್ದರೆ ಹೊರಡುವ ವಿಚಾರವನ್ನೇ ಮತ್ತೊಮ್ಮೆ ಪರೀಕ್ಷಿಸಬೇಕು. ಕೆಲಸ ಕಳೆದುಕೊಂಡ ಪೀಣ್ಯದ ಕಾರ್ಮಿಕನಿಗೆ ಈ ಆಯ್ಕೆಯಿಲ್ಲ. ಹಸಿವು ಅವನನ್ನು ಎಬ್ಬಿಸಿ ಕಳುಹಿಸುತ್ತದೆ. ಆದರೆ ಇದ್ದ ನೌಕರಿಯಿಂದ ಸುಖವಾಗಿ ಬದುಕುತ್ತಿರುವವನಿಗೆ ಆಯ್ಕೆಯುಂಟು. ಪರಿಮಾಣವ್ರತವು ಪಾತ್ರೆಗಳಿಗೆ ಮಾತ್ರವಲ್ಲ, ವರಮಾನಕ್ಕೂ ಅನ್ವಯಿಸುತ್ತದೆ. ಹೆಚ್ಚಿನ ಸಂಬಳವನ್ನು 'ಸಾಕು' ಎಂದು ಬಿಟ್ಟು ತಾಯಿಯೊಡನೆ ನಿಂತವನು ಒಂದು ವಸ್ತುವನ್ನೂ ಹೊರಗೆ ಹಾಕದೆ ತ್ಯಾಗಿಯಾಗುತ್ತಾನೆ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಹೊರಲಾರದೆ ಬಿಟ್ಟದ್ದು ತ್ಯಾಗವಲ್ಲ, ಬೇಡವಾಗಿ ಬಿಟ್ಟದ್ದೂ ತ್ಯಾಗವಲ್ಲ. ಅಳತೆಯನ್ನು ಮೊದಲೇ ಕಟ್ಟಿಕೊಂಡು, ಬಿಟ್ಟದ್ದು ಯಾರ ಕೈಸೇರಿತು, ಯಾರ ಹೆಗಲೇರಿತು, ಯಾವ ಜೀವಕ್ಕೆ ನೋವಾಯಿತು ಎಂಬುದನ್ನು ಕೊನೆಯವರೆಗೂ ನೋಡಿ ಬಿಟ್ಟದ್ದು ತ್ಯಾಗ. ೨೦೨೦ರಲ್ಲಿ ಒಂದು ಚೀಲದೊಡನೆ ರೈಲು ಹತ್ತಿದವರನ್ನು ಯಾರೂ ತ್ಯಾಗಿಗಳೆನ್ನಲಿಲ್ಲ. ಅವರ ಅಭಾವವು ವ್ರತವಲ್ಲ. ಆದರೆ ಒಂದು ಸಂಸಾರವು ಎಷ್ಟರಲ್ಲಿ ನಡೆಯಬಲ್ಲದೆಂಬುದನ್ನು ಆ ಚೀಲವು ತೋರಿಸಿತು. ದೂರದ ಊರಿಗೆ ಹೊರಡುವ ಶ್ರಾವಕನು ಪಟ್ಟಿಯನ್ನು ಬರೆಯಲು ಕುಳಿತಾಗ ಅದನ್ನು ಒಮ್ಮೆ ನೆನೆಯಲಿ. ತೆರವಾದ ಮನೆಯ ನೆಲವನ್ನು ಗುಡಿಸಿ, ನಿಂತ ನೀರನ್ನು ಚೆಲ್ಲಿ, ಬಾಕಿಯನ್ನು ತೀರಿಸಿ, ನಿಲ್ಲುವವರ ಕೈಯನ್ನು ಇನ್ನೊಬ್ಬರ ಕೈಯಲ್ಲಿಟ್ಟು ಬೀಗ ಹಾಕಿದವನ ಹಿಂದೆ ಭಾರವು ಉಳಿಯುವುದಿಲ್ಲ.